1 ಮೆಗಾಹರ್ಟ್ಸ್, 1 ವ್ಯಾಟ್, 5 ನಿಮಿಷ: ಅಲ್ಟ್ರಾಸೌಂಡ್ ಥೆರಪಿಯಲ್ಲಿ ಅಂಗಾಂಶದೊಳಗೆ ನಿಜಕ್ಕೂ ಏನಾಗುತ್ತದೆ?

ಪ್ರಶ್ನೆ | ಹಾಸನ_ಫಿಸಿಯೋ

ಸೊಂಟ ನೋವಿರಲಿ, ಮೊಣಕೈ ನೋವಿರಲಿ, ಹಿಮ್ಮಡಿ ನೋವಿರಲಿ, ಬಹಳಷ್ಟು ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಕಿವಿಗೆ ಕೇಳದ ಶಬ್ದದ ಅಲೆ ಹಾಯಿಸುವ ಚಿಕಿತ್ಸೆ) ಅಂದರೆ ಒಂದೇ ಸೆಟ್ಟಿಂಗ್: 1 ಮೆಗಾಹರ್ಟ್ಸ್, ಚದರ ಸೆಂಟಿಮೀಟರಿಗೆ 1 ವ್ಯಾಟ್, 5 ನಿಮಿಷ. ಹೆಚ್ಚಿನ ಪೇಷಂಟ್‌ಗಳು "ಏನೂ ಗೊತ್ತಾಗ್ಲಿಲ್ಲ" ಅಂತಾರೆ. ಕೆಲವರು ಮಾತ್ರ ಮೊಣಕೈ ಹೊರಬದಿಯ ಮೂಳೆ ಹತ್ತಿರ, ಪಾದದ ಗಿಣ್ಣಿನ ಹತ್ತಿರ ಹೆಡ್ (ಅಲೆ ಹೊರಡಿಸುವ, ಚರ್ಮದ ಮೇಲೆ ಆಡಿಸುವ ಭಾಗ) ಹೋದ ಕೂಡಲೇ "ಒಳಗೆ ಚುಚ್ಚುತ್ತೆ" ಅಂತ ಕೈಯೋ ಕಾಲೋ ಎಳ್ಕೋತಾರೆ.

ತಿಳಿದವರು ಇಷ್ಟು ಬಿಡಿಸಿ ಹೇಳಿ. ಈ ಸೆಟ್ಟಿಂಗ್‌ನಲ್ಲಿ ಸ್ನಾಯು ಎಷ್ಟು ಬಿಸಿಯಾಗುತ್ತದೆ? ಪಲ್ಸ್ಡ್ (ಅಲೆಯನ್ನು ಬಿಟ್ಟು ಬಿಟ್ಟು ಕೊಡುವುದು) ಹಾಕಿದರೆ ಬಿಸಿಯೇ ಇರುವುದಿಲ್ಲ ಎನ್ನುವುದು ಸರಿಯೇ? ಮೂಳೆ ಹತ್ತಿರದ ಆ ಚುಚ್ಚು ನೋವು ಯಾಕೆ? ಒಳಗೆ ಪ್ಲೇಟ್, ಸ್ಕ್ರೂ ಇದ್ದರೆ ಕೊಡಬಹುದೇ? ಕಡೆಯದಾಗಿ, ಇದರಿಂದ ಉಪಯೋಗವಿದೆ ಎಂದು ಪರೀಕ್ಷೆಗಳಲ್ಲಿ ಎಲ್ಲಾದರೂ ಕಂಡಿದೆಯೇ?

ಉತ್ತರ | ಎಲೆಕ್ಟ್ರೋಥೆರಪಿ_ಮಂಗಳೂರು

ಮೊದಲು ಬಿಸಿಯ ಲೆಕ್ಕ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಅಲೆಯ ಶಕ್ತಿ ಅಂಗಾಂಶದಲ್ಲಿ ಹೀರಲ್ಪಟ್ಟರೆ ಮಾತ್ರ ಬಿಸಿ ಹುಟ್ಟುತ್ತದೆ. ಹೀರುವ ಕೆಲಸ ಮಾಡುವುದು ಹೆಚ್ಚಾಗಿ ಪ್ರೋಟೀನ್, ಅದರಲ್ಲೂ ಕೊಲಾಜನ್. ನೀರು ಮತ್ತು ಕೊಬ್ಬು ಅಲೆಯನ್ನು ಹೆಚ್ಚುಕಡಿಮೆ ಹಾಗೇ ಮುಂದಕ್ಕೆ ಬಿಡುತ್ತವೆ. 1 ಮೆಗಾಹರ್ಟ್ಸ್‌ನಲ್ಲಿ ತೀವ್ರತೆ ಅರ್ಧಕ್ಕೆ ಇಳಿಯಬೇಕಾದರೆ ಕೊಬ್ಬಿನಲ್ಲಿ ಸುಮಾರು 50 ಮಿಲಿಮೀಟರ್ ಸಾಗಬೇಕು. ಸ್ನಾಯುವಿನ ಎಳೆಗಳಿಗೆ ಅಡ್ಡವಾಗಿ ಹೋದರೆ 9 ಮಿಲಿಮೀಟರ್ ಸಾಕು, ಎಳೆಗಳ ಗುಂಟ ಹೋದರೆ 24 ಬೇಕು. ಸ್ನಾಯುರಜ್ಜುವಿನಲ್ಲಿ 6, ಮೂಳೆಯಲ್ಲಿ ಬರೀ 2. ಅದೇ 3 ಮೆಗಾಹರ್ಟ್ಸ್ ಆದರೆ ಕೊಬ್ಬಿನಲ್ಲಿ 16, ಅಡ್ಡ ಎಳೆಯ ಸ್ನಾಯುವಿನಲ್ಲಿ 3, ಸ್ನಾಯುರಜ್ಜುವಿನಲ್ಲಿ 2. ದಪ್ಪ ಮೈಯವರಿಗೆ ಅಲ್ಟ್ರಾಸೌಂಡ್ ಒಳಗೆ ಇಳಿಯುವುದಿಲ್ಲ ಎಂಬ ಮಾತು ಹಾಗಾಗಿ ತಪ್ಪು. ಕೊಬ್ಬು ತಡೆಯುವುದಿಲ್ಲ. ಸ್ನಾಯುರಜ್ಜು, ಅಸ್ಥಿರಜ್ಜು, ಕೀಲಿನ ಕವಚ, ಹಳೆಯ ಗಾಯದ ಕಲೆ ಇವೇ ಹೆಚ್ಚು ಹೀರುವ ಜಾಗಗಳು. ದೊಡ್ಡ ಸ್ನಾಯುವಿನ ಹೊಟ್ಟೆಭಾಗ ಬಿಸಿ ಮಾಡುವುದಕ್ಕೆ ಇದು ಒಳ್ಳೆಯ ಸಾಧನವೇ ಅಲ್ಲ. ಅಲ್ಲಿ ರಕ್ತ ಹರಿದು ಬಿಸಿಯನ್ನು ಹೊತ್ತೊಯ್ಯುತ್ತಲೇ ಇರುತ್ತದೆ.

ಇನ್ನು ವೇಗ. ಡ್ರೇಪರ್ ಮತ್ತು ಸಂಗಡಿಗರು 1995ರಲ್ಲಿ ಮೀನಖಂಡದ ಸ್ನಾಯುವಿನೊಳಗೇ ಸೂಜಿ ತಾಪಮಾಪಕ ಇಟ್ಟು ಅಳೆದರು. ಕಂಟಿನ್ಯುಯಸ್ (ಬಿಡದೆ ಕೊಡುವ) 1 ಮೆಗಾಹರ್ಟ್ಸ್‌ನಲ್ಲಿ ನಿಮಿಷಕ್ಕೆ ಏರಿದ ತಾಪ (ವ್ಯಾಟ್ ಎಂದರೆ ಚದರ ಸೆಂಟಿಮೀಟರಿಗೆ): 0.5 ವ್ಯಾಟ್‌ಗೆ 0.04 ಡಿಗ್ರಿ, 1 ವ್ಯಾಟ್‌ಗೆ 0.16, 1.5ಕ್ಕೆ 0.33, 2ಕ್ಕೆ 0.38. ಕಂಟಿನ್ಯುಯಸ್ 3 ಮೆಗಾಹರ್ಟ್ಸ್‌ನಲ್ಲಿ 0.5 ವ್ಯಾಟ್‌ಗೆ 0.3, 1 ವ್ಯಾಟ್‌ಗೆ 0.58, 1.5ಕ್ಕೆ 0.89, 2ಕ್ಕೆ 1.4. ಇಷ್ಟೂ ಅಂಕಿಗಳು ಹೆಡ್‌ನ ಎರಡು ಪಟ್ಟು ಜಾಗವನ್ನು ಮಾತ್ರ ಉಜ್ಜಿದಾಗ ಸಿಕ್ಕವು. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ಕೆಟ್ಟಂತೆ.

ನಿಮ್ಮ ಸೆಟ್ಟಿಂಗ್‌ಗೆ ಹಾಕಿ ನೋಡಿ. 0.16 ಗುಣಿಸು 5, ಅಂದರೆ 0.8 ಡಿಗ್ರಿ. ಒಂದು ಡಿಗ್ರಿ ಏರಿದರೆ ಆ ಜಾಗದ ಚಯಾಪಚಯ ತುಸು ಚುರುಕಾಗುತ್ತದೆ, ಎರಡು ಮೂರು ಡಿಗ್ರಿಗೆ ನೋವು ಮತ್ತು ಬಿಗಿತ ಸಡಿಲವಾಗುತ್ತವೆ, ಕೊಲಾಜನ್ ಹಿಗ್ಗಲು ನಾಲ್ಕು ಡಿಗ್ರಿ ಬೇಕು ಎಂದು ಪಾಠದಲ್ಲಿ ಹೇಳುತ್ತೇವಲ್ಲ, ಅದರಲ್ಲಿ ನೀವು ಮೊದಲ ಮೆಟ್ಟಿಲನ್ನೂ ಹತ್ತಿಲ್ಲ. ಪೇಷಂಟ್ "ಏನೂ ಗೊತ್ತಾಗ್ಲಿಲ್ಲ" ಎಂದರೆ ಸರಿಯಾಗಿಯೇ ಹೇಳುತ್ತಿದ್ದಾರೆ. ನಾಲ್ಕು ಡಿಗ್ರಿ ಬೇಕಾದರೆ 1 ಮೆಗಾಹರ್ಟ್ಸ್, 1.5 ವ್ಯಾಟ್‌ನಲ್ಲಿ 12 ನಿಮಿಷ ಹಿಡಿಯುತ್ತದೆ. 3 ಮೆಗಾಹರ್ಟ್ಸ್, 1 ವ್ಯಾಟ್‌ನಲ್ಲಿ 7 ನಿಮಿಷ ಸಾಕು. ಮೊಣಕೈ ಹೊರಬದಿಯ ಸ್ನಾಯುರಜ್ಜು ಚರ್ಮದಿಂದ ಒಂದು ಸೆಂಟಿಮೀಟರ್ ಒಳಗೂ ಇರುವುದಿಲ್ಲ. ಅಲ್ಲಿಗೆ 1 ಮೆಗಾಹರ್ಟ್ಸ್ ಯಾಕೆ?

ಸೊಂಟದ ಕಥೆ ಇನ್ನೂ ಕಷ್ಟ. 4 ಚದರ ಸೆಂಟಿಮೀಟರ್ ಹೆಡ್, ಚದರ ಸೆಂಟಿಮೀಟರಿಗೆ 1 ವ್ಯಾಟ್, 300 ಸೆಕೆಂಡ್ ಎಂದರೆ ಒಟ್ಟು 1200 ಜೂಲ್. ಅದನ್ನು 8 ಚದರ ಸೆಂಟಿಮೀಟರ್‌ಗೆ ಕೊಟ್ಟರೆ ಪ್ರತಿ ಚದರ ಸೆಂಟಿಮೀಟರಿಗೆ 150 ಜೂಲ್ ಸಿಗುತ್ತದೆ. 10ಕ್ಕೆ 15 ಸೆಂಟಿಮೀಟರ್ ಬೆನ್ನಿನ ತುಂಬ ಹರಡಿದರೆ ಬರೀ 8 ಜೂಲ್. ದೋಸೆ ಕಲ್ಲಿಗೆ ಹಾಕುವ ಹಿಟ್ಟನ್ನು ಅಂಗಳಕ್ಕೆಲ್ಲ ಬಳಿದಂತೆ.

ಪಲ್ಸ್ಡ್ ವಿಷಯ. ಬಿಸಿಯನ್ನು ನಿರ್ಧರಿಸುವುದು ಕಾಲದ ಸರಾಸರಿ ತೀವ್ರತೆ. 20 ಶೇಕಡಾ ಡ್ಯೂಟಿಯಲ್ಲಿ (ಒಟ್ಟು ಸಮಯದ 20 ಶೇಕಡಾ ಮಾತ್ರ ಅಲೆ) 1 ವ್ಯಾಟ್ ಇಟ್ಟರೆ ಸರಾಸರಿ 0.2 ವ್ಯಾಟ್, ಬಿಸಿ ನಗಣ್ಯ. 50 ಶೇಕಡಾ ಡ್ಯೂಟಿಯಲ್ಲಿ 2 ವ್ಯಾಟ್ ಇಟ್ಟರೆ ಸರಾಸರಿ 1 ವ್ಯಾಟ್, ಅಂದರೆ ಬಿಸಿಯ ಮಟ್ಟಿಗೆ 1 ವ್ಯಾಟ್ ಕಂಟಿನ್ಯುಯಸ್ ಕೊಟ್ಟಷ್ಟೇ. "ಪಲ್ಸ್ಡ್ ಹಾಕಿದ್ದೇನೆ, ಸುಡುವುದಿಲ್ಲ" ಎಂದುಕೊಂಡು ಸ್ಪರ್ಶಜ್ಞಾನವಿಲ್ಲದ ಕಾಲಿಗೆ 50 ಶೇಕಡಾ ಕೊಡುವುದು ಅಪಾಯ.

ಬಿಸಿಯಲ್ಲದ ಪರಿಣಾಮ ಎನ್ನುವುದು ಎರಡು ಸಂಗತಿ. ಒಂದು ಸ್ಟ್ರೀಮಿಂಗ್: ಅಲೆಯ ಒತ್ತಡಕ್ಕೆ ಜೀವಕೋಶದ ಸುತ್ತಲಿನ ದ್ರವ ಒಂದೇ ದಿಕ್ಕಿಗೆ ಮೆಲ್ಲಗೆ ಹರಿದು ಕೋಶದ ಪೊರೆಯನ್ನು ಸವರುತ್ತದೆ, ಪೊರೆ ಕ್ಯಾಲ್ಸಿಯಂ ಅಯಾನುಗಳನ್ನು ಒಳಬಿಡುವ ಪ್ರಮಾಣ ಬದಲಾಗುತ್ತದೆ. ಇನ್ನೊಂದು ಸ್ಥಿರ ಕ್ಯಾವಿಟೇಶನ್: ದ್ರವದಲ್ಲಿನ ಸಣ್ಣ ಅನಿಲಗುಳ್ಳೆಗಳು ಒಡೆಯದೆ ಹಿಗ್ಗಿ ಕುಗ್ಗುತ್ತ ಈ ಹರಿವನ್ನು ಹೆಚ್ಚಿಸುತ್ತವೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಇವೆರಡೂ ಚೆನ್ನಾಗಿ ಕಾಣುತ್ತವೆ. ಮಾಸ್ಟ್ ಕೋಶ ಹಿಸ್ಟಮಿನ್ (ಉರಿಯೂತ ಶುರುಮಾಡುವ ರಾಸಾಯನಿಕ) ಬಿಡುತ್ತದೆ, ಮ್ಯಾಕ್ರೋಫೇಜ್ (ಕಸ ತಿನ್ನುವ ರಕ್ಷಣಾ ಕೋಶ) ಚುರುಕಾಗುತ್ತದೆ, ಫೈಬ್ರೋಬ್ಲಾಸ್ಟ್ (ನಾರು ಕಟ್ಟುವ ಕೋಶ) ಹೆಚ್ಚು ಕೊಲಾಜನ್ ಕಟ್ಟುತ್ತದೆ. ಆದರೆ ದ್ರವದಲ್ಲಿ ತೇಲುವ ಕೋಶ ಬೇರೆ, ಒತ್ತೊತ್ತಾಗಿ ಹೆಣೆದ ಜೀವಂತ ಅಂಗಾಂಶ ಬೇರೆ. ಅನಿಲಗುಳ್ಳೆಗೆ ಅಲ್ಲಿ ಜಾಗವೇ ಕಡಿಮೆ. ತಟ್ಟೆಯಲ್ಲಿ ಕಂಡದ್ದೆಲ್ಲ ಪೇಷಂಟ್‌ನ ಭುಜದಲ್ಲಿ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ನ್ಯಾಯವಲ್ಲ.

ಇನ್ನೊಂದು ಗಮನಿಸಿ. ಹಿಸ್ಟಮಿನ್ ಬಿಡಿಸುವುದು, ಮ್ಯಾಕ್ರೋಫೇಜ್ ಕರೆಸುವುದು, ಇವು ಉರಿಯೂತವನ್ನು ಮುಂದಕ್ಕೆ ತಳ್ಳುವ ಕೆಲಸ. "ಅಲ್ಟ್ರಾಸೌಂಡ್ ಉರಿಯೂತ ಇಳಿಸುತ್ತದೆ" ಎಂದು ಫೈಲಿನಲ್ಲಿ ಬರೆಯುವುದು ಆ ಸಿದ್ಧಾಂತದ ಪ್ರಕಾರವೇ ತಪ್ಪು.

ಉತ್ತರ | ಬಯೋಮೆಡ್_ಹುಬ್ಬಳ್ಳಿ

ಮೇಲಿನವರು ಅಂಗಾಂಶದ ಕಡೆಯಿಂದ ಹೇಳಿದರು, ನಾನು ಮಷೀನ್ ಕಡೆಯಿಂದ ಹೇಳುತ್ತೇನೆ. ಚುಚ್ಚು ನೋವಿನ ಅರ್ಧ ಉತ್ತರ ಇಲ್ಲೇ ಇದೆ.

ಪರದೆಯ ಮೇಲಿನ 1 ವ್ಯಾಟ್ ಅನ್ನುವುದು ಹೆಡ್‌ನ ಮುಖದ ಮೇಲಿನ ಸರಾಸರಿ. ಅಲೆ ಮುಖದ ಎಲ್ಲ ಕಡೆಯಿಂದ ಒಂದೇ ಸಮ ಹೊರಡುವುದಿಲ್ಲ. ಅತಿ ಹೆಚ್ಚು ತೀವ್ರತೆ ಇರುವ ಬಿಂದು ಸರಾಸರಿಯ ಎಷ್ಟು ಪಟ್ಟು ಎಂಬುದೇ ಬಿಎನ್‌ಆರ್. ಹೆಡ್ ಮೇಲೆಯೋ ಮ್ಯಾನ್ಯುಯಲ್‌ನಲ್ಲೋ ನೋಡಿ, 5:1, 6:1 ಅಂತ ಬರೆದಿರುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಮಿತಿ 8. ಬಿಎನ್‌ಆರ್ 5 ಇರುವ ಹೆಡ್‌ನಲ್ಲಿ 1.5 ವ್ಯಾಟ್ ಇಟ್ಟರೆ ಒಂದು ಬಿಂದುವಿನಲ್ಲಿ 7.5 ವ್ಯಾಟ್ ಇರುತ್ತದೆ. 8 ಇದ್ದರೆ 12 ವ್ಯಾಟ್. ಸ್ವಲ್ಪ ದೂರ ಹೋದ ಮೇಲೆ ಸಮವಾಗುತ್ತದೆ ಎಂದು ಕಾಯುವ ಹಾಗೂ ಇಲ್ಲ. 4 ಚದರ ಸೆಂಟಿಮೀಟರ್ ಮುಖದ ಹೆಡ್‌ಗೆ ಈ ಏರುಪೇರಿನ ವಲಯ 1 ಮೆಗಾಹರ್ಟ್ಸ್‌ನಲ್ಲಿ ಸುಮಾರು 8.5 ಸೆಂಟಿಮೀಟರ್, 3 ಮೆಗಾಹರ್ಟ್ಸ್‌ನಲ್ಲಿ 25 ಸೆಂಟಿಮೀಟರ್ ಉದ್ದ. ಅಂದರೆ ನೀವು ಕೊಡುವ ಚಿಕಿತ್ಸೆ ಪೂರಾ ಈ ವಲಯದೊಳಗೇ ಮುಗಿಯುತ್ತದೆ. ಹೆಡ್ ನಿಲ್ಲಿಸದೆ ಸೆಕೆಂಡಿಗೆ 4 ಸೆಂಟಿಮೀಟರ್ ವೇಗದಲ್ಲಿ ಆಡಿಸಿ ಅನ್ನುವುದು ಅದಕ್ಕೇ. ಹಾಗಂತ ಕೈ ಜೋರು ಮಾಡಿದರೆ ತಿಳಿಯದೆಯೇ ಜಾಗ ದೊಡ್ಡದಾಗಿಬಿಡುತ್ತದೆ. ಉಜ್ಜುವ ಜಾಗಕ್ಕೆ ಮೊದಲೇ ಚರ್ಮದ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಳ್ಳಿ.

ಮೂಳೆ ಹತ್ತಿರ ಬಂದಾಗ ಮೂರು ಕೂಡಿಬರುತ್ತವೆ. ಮೃದು ಅಂಗಾಂಶದಿಂದ ಮೂಳೆಗೆ ಬಡಿದಾಗ ಶಕ್ತಿಯ ಸುಮಾರು ಮೂರನೇ ಒಂದು ಭಾಗ ವಾಪಸ್ ಬರುತ್ತದೆ, ಮೂಳೆಯ ಹೊದಿಕೆಗೆ ಹೋಗುವಾಗ ಬರುವಾಗ ಎರಡು ಸಲ ಏಟು. ಒಳಹೊಕ್ಕ ಪಾಲನ್ನು ಮೂಳೆ ಎರಡೇ ಮಿಲಿಮೀಟರ್‌ನಲ್ಲಿ ಅರ್ಧ ನುಂಗುತ್ತದೆ. ಅಲೆ ಓರೆಯಾಗಿ ಬಡಿದರೆ ಅದರ ಒಂದು ಭಾಗ ಅಡ್ಡಕಂಪನವಾಗಿ ಬದಲಾಗಿ ಮೇಲ್ಮೈಯಲ್ಲೇ ಬಿಸಿಯಾಗುತ್ತದೆ. ಆ ಹೊದಿಕೆಯಲ್ಲಿ ನೋವಿನ ನರತುದಿಗಳು ದಂಡಿಯಾಗಿವೆ. ಚುಚ್ಚುತ್ತದೆ ಎಂದರೆ ಅಲ್ಲಿ ಅತಿ ಬಿಸಿಯಾಗುತ್ತಿದೆ ಎಂದೇ ಅರ್ಥ. "ಸ್ವಲ್ಪ ತಡ್ಕೊಳ್ಳಿ" ಅನ್ನಬೇಡಿ. ತೀವ್ರತೆ ಇಳಿಸಿ, ಜೆಲ್ ಸಾಕಷ್ಟಿದೆಯೇ ನೋಡಿ, ಹೆಡ್ ಪೂರ್ತಿ ಮುಖ ಚರ್ಮಕ್ಕೆ ಕೂತಿದೆಯೇ ನೋಡಿ, ಗಿಣ್ಣಿನ ಉಬ್ಬನ್ನು ಬಿಟ್ಟು ಸುತ್ತ ಆಡಿಸಿ. 5 ಚದರ ಸೆಂಟಿಮೀಟರ್ ಹೆಡ್ ಗಿಣ್ಣಿನ ಮೇಲೆ ಕೂರುವುದೇ ಇಲ್ಲ. ಒಂದು ಅಂಚು ಗಾಳಿಯಲ್ಲಿ, ಇನ್ನೊಂದು ಅಂಚು ಮೂಳೆ ಮೇಲೆ. ಅಂಥ ಕಡೆಗೆ 1 ಚದರ ಸೆಂಟಿಮೀಟರ್‌ನ ಸಣ್ಣ ಹೆಡ್ ಅಥವಾ ನೀರಿನೊಳಗೆ ಕೊಡುವ ವಿಧಾನ ಬೇಕು.

ನೀರಿನ ವಿಧಾನಕ್ಕೆ ಪ್ಲಾಸ್ಟಿಕ್ ಟಬ್ ಸಾಕು. ಸ್ಟೀಲ್ ಬೋಗುಣಿ ಬೇಡ, ಗೋಡೆಯಿಂದ ಅಲೆ ವಾಪಸ್ ಬರುತ್ತದೆ. ನೀರನ್ನು ಕುದಿಸಿ, ಕಲಕದೆ ಮುಚ್ಚಿಟ್ಟು ಆರಿಸಿ, ಕರಗಿದ ಗಾಳಿ ಹೋಗಿರುತ್ತದೆ. ನಲ್ಲಿಯಿಂದ ಆಗ ತಾನೇ ಹಿಡಿದ ನೀರಾದರೆ ಚರ್ಮಕ್ಕೂ ಹೆಡ್‌ಗೂ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತದೆ, ಆಗಾಗ ಒರೆಸುತ್ತಿರಬೇಕು. ಹೆಡ್ ಚರ್ಮದಿಂದ ಒಂದರಿಂದ ಎರಡು ಸೆಂಟಿಮೀಟರ್ ದೂರದಲ್ಲಿ, ಚರ್ಮಕ್ಕೆ ನೇರವಾಗಿ ಇರಲಿ. ಹೆಡ್ ನೀರಿಗಿಳಿಸಬಹುದಾದ ಬಗೆಯದೇ ಎಂದು ಮ್ಯಾನ್ಯುಯಲ್ ನೋಡಿಕೊಳ್ಳಿ. ನಿಮ್ಮ ಕೈ ನೀರಿನೊಳಗೆ ಮುಳುಗಿಸಬೇಡಿ, ದಿನಕ್ಕೆ ಹತ್ತು ಪೇಷಂಟ್ ಎಂದರೆ ನಿಮ್ಮ ಬೆರಳಿಗೂ ಹತ್ತು ಡೋಸ್.

ಗಾಳಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಗಾಳಿ ಸಿಕ್ಕರೆ 99.9 ಶೇಕಡಾ ಶಕ್ತಿ ವಾಪಸ್. ಜೆಲ್ ಒಣಗಿದರೆ, ಕೂದಲು ದಟ್ಟವಾಗಿದ್ದರೆ, ಬಿಳಿ ನೋವಿನ ಕ್ರೀಮ್ ಹಚ್ಚಿ ಅದರ ಮೇಲೆ ಉಜ್ಜಿದರೆ, ಶಕ್ತಿ ಹೆಡ್‌ನಲ್ಲೇ ಉಳಿದು ಹೆಡ್ ಬಿಸಿಯಾಗುತ್ತದೆ. ಪೇಷಂಟ್ "ಬೆಚ್ಚಗಾಯ್ತು" ಅಂತಾರೆ, ಒಳಗೆ ಏನೂ ಹೋಗಿರುವುದಿಲ್ಲ. ಔಷಧ ಬೆರೆಸಿ ಫೋನೋಫೋರೆಸಿಸ್ (ಅಲೆಯಿಂದ ಔಷಧವನ್ನು ಚರ್ಮದೊಳಗೆ ಇಳಿಸುವುದು) ಕೊಡುವವರು ಮೊದಲು ಆ ಮುಲಾಮು ಅಲೆಯನ್ನು ಬಿಡುತ್ತದೆಯೇ ನೋಡಿ. ಹೆಡ್ ಮೇಲ್ಮುಖ ಮಾಡಿ ಸುತ್ತ ಅಗಲ ಟೇಪಿನ ಗೋಡೆ ಕಟ್ಟಿ, ತಳಕ್ಕೆ ಮುಲಾಮಿನ ತೆಳು ಪದರ, ಮೇಲೆ ನೀರು. ಮಷೀನ್ ಆನ್ ಮಾಡಿದಾಗ ನೀರು ಉಕ್ಕಿ ಕಂಪಿಸಿದರೆ ಹಾದುಹೋಗುತ್ತಿದೆ. ಸುಮ್ಮನೆ ನಿಂತಿದ್ದರೆ ಆ ಮುಲಾಮನ್ನು ಇದಕ್ಕೆ ಬಳಸಬೇಡಿ. ಪಾರದರ್ಶಕ, ನೀರಿನ ಆಧಾರದ, ಗುಳ್ಳೆಯಿಲ್ಲದ ಜೆಲ್‌ಗಳು ಸಾಮಾನ್ಯವಾಗಿ ಪಾಸ್. ಹೈಡ್ರೋಕಾರ್ಟಿಸೋನ್ ಬೆರೆಸಿದ ದಪ್ಪ ಬಿಳಿ ಕ್ರೀಮ್ ಫೇಲ್.

ಇದೇ ಪರೀಕ್ಷೆಯನ್ನು ಮುಲಾಮಿಲ್ಲದೆ ದಿನಾ ಬೆಳಿಗ್ಗೆ ಮಾಡಿದರೆ ಮಷೀನ್ ಜೀವಂತವಿದೆಯೇ ಎಂದು ಗೊತ್ತಾಗುತ್ತದೆ. ಎಷ್ಟು ಕೊಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ರೇಡಿಯೇಶನ್ ಫೋರ್ಸ್ ಬ್ಯಾಲೆನ್ಸ್ ಬೇಕು: ಗಾಳಿ ತೆಗೆದ ನೀರಿನಲ್ಲಿ ಶಂಕುವಿನ ಮೇಲೆ ಅಲೆ ಬೀಳಿಸಿ ಆ ತಳ್ಳುವಿಕೆಯನ್ನು ತೂಗುವುದು. ಹೆಡ್‌ನಿಂದ ಹೊರಡುವ ಒಟ್ಟು ಶಕ್ತಿಯ ಪ್ರತಿ 1 ವ್ಯಾಟ್‌ಗೆ ಸುಮಾರು 68 ಮಿಲಿಗ್ರಾಂ ತೂಕದಷ್ಟು ತಳ್ಳುತ್ತದೆ. ಪರದೆಯ ಅಂಕಿಗೂ ಅಳತೆಗೂ 20 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಪೇರಿಗೆ ಕಳಿಸಬೇಕು. ವರ್ಷಕ್ಕೊಮ್ಮೆ ಕಡ್ಡಾಯ, ಹೆಡ್ ಕೆಳಗೆ ಬಿದ್ದ ದಿನವೇ ಇನ್ನೊಮ್ಮೆ. ಬಿದ್ದ ಹೆಡ್‌ನಲ್ಲಿ ಅಲೆ ಹುಟ್ಟಿಸುವ ಹರಳು ಬಿರುಕು ಬಿಟ್ಟಿರಬಹುದು, ಅಥವಾ ಮುಖದ ಲೋಹಕ್ಕೆ ಅಂಟಿಸಿದ ಗೋಂದು ಒಂದು ಬದಿ ಬಿಟ್ಟಿರಬಹುದು. ಎರಡನೆಯದರಲ್ಲಿ ಒಟ್ಟು ವ್ಯಾಟ್ ಹತ್ತಿರಹತ್ತಿರ ಸರಿಯಿದ್ದರೂ ಶಕ್ತಿಯೆಲ್ಲ ಅರ್ಧ ಮುಖದಿಂದ ಹೊರಡುತ್ತದೆ, ಬಿಎನ್‌ಆರ್ ಕೆಟ್ಟುಹೋಗಿರುತ್ತದೆ. ಬಿಎನ್‌ಆರ್ ಅಳೆಯಲು ಹೈಡ್ರೋಫೋನ್ (ನೀರಿನೊಳಗೆ ಅಲೆ ಅಳೆಯುವ ಮೈಕ್) ಬೇಕು, ಕ್ಲಿನಿಕ್‌ನಲ್ಲಿ ಆಗದು. ಒಂದೇ ಮಷೀನ್‌ನಲ್ಲಿ, ಅದೇ ಡೋಸ್‌ನಲ್ಲಿ ಬೇರೆ ಬೇರೆ ಪೇಷಂಟ್‌ಗಳು ಚುಚ್ಚುತ್ತದೆ ಅನ್ನತೊಡಗಿದರೆ ಹೆಡ್ ಮೇಲೆ ಅನುಮಾನ ಪಡಿ. ಒಂದು ಮಷೀನ್‌ನ ಹೆಡ್ ತೆಗೆದು ಇನ್ನೊಂದಕ್ಕೆ ಸಿಕ್ಕಿಸುವುದನ್ನೂ ನಿಲ್ಲಿಸಿ. ಹೆಡ್ ಅನ್ನು ಆ ಮಷೀನ್‌ಗೆ ಹೊಂದಿಸಿ ಕ್ಯಾಲಿಬ್ರೇಟ್ ಮಾಡಿರುತ್ತಾರೆ.

ಹಾಸನ_ಫಿಸಿಯೋ

ಇಬ್ಬರಿಗೂ ಧನ್ಯವಾದ ಸರ್. ಜಾಗದ ಲೆಕ್ಕ ಈಗ ಸ್ಪಷ್ಟವಾಯಿತು. ಹಾಗಾದರೆ 20 ಶೇಕಡಾ ಪಲ್ಸ್ಡ್ ಕೊಡುವಾಗ ಸಮಯ ಹೇಗೆ ನಿರ್ಧರಿಸುವುದು? ಸ್ಥಾಯಿ ತರಂಗದಿಂದ ರಕ್ತ ನಿಲ್ಲುತ್ತದೆ ಅಂತಾರಲ್ಲ, ಅದು ನಿಜವಾದ ಅಪಾಯವೇ?

ಉತ್ತರ | ಎಲೆಕ್ಟ್ರೋಥೆರಪಿ_ಮಂಗಳೂರು

ಸಮಯಕ್ಕೆ ಒಂದು ಸರಳ ಸೂತ್ರವಿದೆ. ನೋವಿನ ಜಾಗದಲ್ಲಿ ಹೆಡ್‌ನ ಮುಖ ಎಷ್ಟು ಸಲ ಹಿಡಿಸುತ್ತದೆ ನೋಡಿ, ಪ್ರತಿಯೊಂದಕ್ಕೂ ಒಂದು ನಿಮಿಷದ ನಿಜವಾದ ಅಲೆ ಸಿಗಬೇಕು. 20 ಶೇಕಡಾ ಎಂದರೆ ಐದು ನಿಮಿಷಕ್ಕೆ ಒಂದೇ ನಿಮಿಷದ ಅಲೆ. ಎರಡು ಹೆಡ್ ಜಾಗ ಇದ್ದರೆ ಒಂದು ಗುಣಿಸು ಎರಡು ಗುಣಿಸು ಐದು, ಹತ್ತು ನಿಮಿಷ. 50 ಶೇಕಡಾ ಆದರೆ ನಾಲ್ಕು ನಿಮಿಷ. ಇದು ಪಲ್ಸ್ಡ್ ಚಿಕಿತ್ಸೆಗೆ ಸರಿ. ಬಿಸಿಯೇ ಗುರಿಯಾದರೆ ಮೇಲಿನ ಡಿಗ್ರಿ ಲೆಕ್ಕವನ್ನೇ ಹಿಡಿಯಿರಿ. ಬಿಸಿ ಮಾಡಿ ಹಿಗ್ಗಿಸುವ ಉದ್ದೇಶವಿದ್ದರೆ ಹೆಡ್ ತೆಗೆಯುವ ಮೊದಲೇ ಸ್ಟ್ರೆಚ್ ಶುರು ಮಾಡಿ. 3 ಮೆಗಾಹರ್ಟ್ಸ್‌ನಿಂದ ಏರಿದ ಬಿಸಿ ಸುಮಾರು ಮೂರು ನಿಮಿಷದಲ್ಲೇ ಹಿಗ್ಗಿಸುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಜೆಲ್ ಒರೆಸಿ, ಟವೆಲ್ ಮಡಚಿ, ಫೈಲ್ ಬರೆದು ಆಮೇಲೆ ಸ್ಟ್ರೆಚ್ ಮಾಡಿಸಿದರೆ ತಣ್ಣಗಿನ ರಜ್ಜುವನ್ನೇ ಎಳೆದಂತಾಗುತ್ತದೆ.

ಸ್ಥಾಯಿ ತರಂಗ: ಹೋಗುವ ಅಲೆ ಮತ್ತು ಮೂಳೆಯಿಂದ ವಾಪಸಾಗುವ ಅಲೆ ಒಂದರ ಮೇಲೊಂದು ಬಿದ್ದು ಒತ್ತಡದ ಪಟ್ಟಿಗಳು ನಿಂತುಬಿಡುತ್ತವೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್, 1 ಮೆಗಾಹರ್ಟ್ಸ್‌ಗೆ ಅಲೆಯುದ್ದ ಒಂದೂವರೆ ಮಿಲಿಮೀಟರ್, ಆದ್ದರಿಂದ ಪಟ್ಟಿಗಳ ನಡುವೆ ಮುಕ್ಕಾಲು ಮಿಲಿಮೀಟರ್. 1970ರ ದಶಕದಲ್ಲಿ ಲಂಡನ್ನಿನಲ್ಲಿ ಮೇರಿ ಡೈಸನ್ ಮತ್ತು ಸಂಗಡಿಗರು ಕೋಳಿ ಭ್ರೂಣದ ರಕ್ತನಾಳಗಳಲ್ಲಿ ಕೆಂಪು ರಕ್ತಕಣಗಳು ಹೀಗೆ ಅಡ್ಡ ಪಟ್ಟಿಗಳಾಗಿ ಒಟ್ಟಾಗಿ ನಿಂತುಬಿಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅಲೆ ನಿಲ್ಲಿಸಿದರೆ ಹರಿವು ಸಾಮಾನ್ಯವಾಗಿ ಮತ್ತೆ ಶುರುವಾಗುತ್ತಿತ್ತು, ಆದರೆ ಕೆಲವೆಡೆ ನಾಳದ ಒಳಪದರಕ್ಕೆ ಪೆಟ್ಟಾಗಿತ್ತು. ಹೆಡ್ ಚಲಿಸುತ್ತಿದ್ದರೆ ಪಟ್ಟಿಗಳು ಒಂದೆಡೆ ನಿಲ್ಲುವುದಿಲ್ಲ. ಹೆಡ್ ಅನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದು ಮೊಬೈಲ್ ನೋಡುವ ಪದ್ಧತಿ ಇದಕ್ಕಾಗಿಯೇ ನಿಲ್ಲಬೇಕು.

ಉತ್ತರ | ಪುರಾವೆ_ಮೊದಲು

ಪರೀಕ್ಷೆಗಳಲ್ಲಿ ಉಪಯೋಗ ಕಂಡಿದೆಯೇ ಎಂಬ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ಕೆಲವರಿಗೆ ರುಚಿಸಲಿಕ್ಕಿಲ್ಲ.

2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ ನೋವು, ಸ್ನಾಯು ಹಾಗೂ ಕೀಲು ತೊಂದರೆಗಳಿಗೆ ಅಲ್ಟ್ರಾಸೌಂಡ್ ಕೊಟ್ಟ 35 ಯಾದೃಚ್ಛಿಕ ಪರೀಕ್ಷೆಗಳನ್ನು ಕೂಡಿಸಿದರು. ವಿಧಾನದಲ್ಲಿ ಒಪ್ಪಬಹುದಾದವು 10. ಆ ಹತ್ತರಲ್ಲಿ ನಿಜವಾದ ಅಲ್ಟ್ರಾಸೌಂಡ್, ಆಫ್ ಮಾಡಿದ ಮಷೀನ್‌ಗಿಂತ ಮೇಲು ಎಂದು ತೋರಿಸಿದ್ದು ಎರಡು ಮಾತ್ರ. ಉಳುಕಿದ ಪಾದಕ್ಕೆ, ದೀರ್ಘಕಾಲದ ಸೊಂಟ ನೋವಿಗೆ ಆಮೇಲೆ ಬಂದ ಕಾಕ್ರೇನ್ (ಚಿಕಿತ್ಸಾ ಪರೀಕ್ಷೆಗಳನ್ನು ಕೂಡಿಸಿ ತೂಗುವ ಸಂಸ್ಥೆ) ವಿಮರ್ಶೆಗಳೂ ಪೇಷಂಟ್‌ಗೆ ಲೆಕ್ಕಕ್ಕೆ ಬರುವಂಥ ಲಾಭ ಕಾಣಲಿಲ್ಲ. ಡೋಸ್ ಸರಿಯಿರಲಿಲ್ಲ ಎಂಬ ವಾದ ಇದೆ, ಹಲವು ಪರೀಕ್ಷೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸರಿಯಾದ ಡೋಸ್ ಕೊಟ್ಟಿದ್ದರೆ ಗುಣವಾಗುತ್ತಿತ್ತು ಎಂಬುದಕ್ಕೆ ಆ ವಾದವೇ ಪುರಾವೆಯಾಗುವುದಿಲ್ಲ.

ಚೆನ್ನಾಗಿ ನಡೆದ ಒಂದು ಪರೀಕ್ಷೆಯ ಡೋಸ್ ನೋಡಿ. ವಿಯೆನ್ನಾದಲ್ಲಿ ಎಬೆನ್‌ಬಿಕ್ಲರ್ ತಂಡ ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟಿದವರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ್ದು. 0.89 ಮೆಗಾಹರ್ಟ್ಸ್, 2.5 ವ್ಯಾಟ್, 20 ಶೇಕಡಾ ಪಲ್ಸ್ಡ್, ಪ್ರತಿಸಲ 15 ನಿಮಿಷ, ವಾರಕ್ಕೆ ಐದರಂತೆ ಮೂರು ವಾರ, ಆಮೇಲೆ ವಾರಕ್ಕೆ ಮೂರರಂತೆ ಮೂರು ವಾರ, ಒಟ್ಟು 24 ಸಲ. ಚಿಕಿತ್ಸೆ ಮುಗಿದಾಗ 19 ಶೇಕಡಾ ಭುಜಗಳಲ್ಲಿ ಸುಣ್ಣ ಪೂರ್ತಿ ಕರಗಿತ್ತು, ಸುಳ್ಳು ಚಿಕಿತ್ಸೆಯ ಗುಂಪಿನಲ್ಲಿ ಒಂದರಲ್ಲೂ ಇಲ್ಲ. ಒಂಬತ್ತು ತಿಂಗಳಿಗೆ 42 ಶೇಕಡಾ ಮತ್ತು 8 ಶೇಕಡಾ. ನೋವಿನಲ್ಲೂ ಚಿಕಿತ್ಸೆ ಮುಗಿದಾಗ ವ್ಯತ್ಯಾಸವಿತ್ತು, ಆದರೆ ಒಂಬತ್ತು ತಿಂಗಳ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಎಕ್ಸ್‌ರೇಯಲ್ಲಿ ಸುಣ್ಣ ಕರಗುವುದೂ ಪೇಷಂಟ್‌ಗೆ ನೋವು ಹೋಗುವುದೂ ಎರಡು ಬೇರೆ ಸಂಗತಿ, ಇದನ್ನು ಪೇಷಂಟ್‌ಗೂ ಹೇಳಬೇಕು. ಇದೇ ತಂಡ 1998ರಲ್ಲಿ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆಗೆ 1 ಮೆಗಾಹರ್ಟ್ಸ್, 1 ವ್ಯಾಟ್, 20 ಶೇಕಡಾ, 15 ನಿಮಿಷ, 20 ಸಲ ಕೊಟ್ಟು ಒಳ್ಳೆಯ ಫಲಿತಾಂಶ ಪಡೆಯಿತು. ಆ ತೊಂದರೆಯ ಮೇಲಿನ ಒಟ್ಟು ಪುರಾವೆ ಮಾತ್ರ ಇನ್ನೂ ದುರ್ಬಲವೇ. ಎರಡರಲ್ಲೂ ಗಮನಿಸಬೇಕಾದ್ದು 15 ನಿಮಿಷ ಮತ್ತು 20ಕ್ಕೂ ಕಡಿಮೆಯಿಲ್ಲದ ಸಿಟ್ಟಿಂಗ್. ಐದು ನಿಮಿಷದ ಐದು ಸಿಟ್ಟಿಂಗ್ ಕೊಟ್ಟು ಈ ಪತ್ರಿಕೆಗಳನ್ನು ಆಧಾರ ತೋರಿಸುವುದು ಸರಿಯಲ್ಲ.

ಮುರಿದ ಮೂಳೆಗೆ ಕೊಡುವ ಕಡಿಮೆ ತೀವ್ರತೆಯ ಪಲ್ಸ್ಡ್ ಅಲ್ಟ್ರಾಸೌಂಡ್ ಬೇರೆಯೇ ಸಾಧನ: 1.5 ಮೆಗಾಹರ್ಟ್ಸ್, ಸರಾಸರಿ ಚದರ ಸೆಂಟಿಮೀಟರಿಗೆ ಬರೀ 30 ಮಿಲಿವ್ಯಾಟ್, ದಿನಕ್ಕೆ 20 ನಿಮಿಷ, ಹೆಡ್ ಒಂದೇ ಕಡೆ. ನಿಮ್ಮ ಕ್ಲಿನಿಕ್ ಮಷೀನ್‌ನಲ್ಲಿ ಈ ಡೋಸ್ ಬರುವುದಿಲ್ಲ, ಸಾಮಾನ್ಯ ಹೆಡ್ ಅನ್ನು ಮುರಿದ ಜಾಗದ ಮೇಲೆ ನಿಲ್ಲಿಸಿ ಪ್ರಯೋಗ ಮಾಡಬೇಡಿ. ಅಮೆರಿಕದಲ್ಲಿ 1994ರಲ್ಲಿ ಹೊಸ ಮುರಿತಗಳಿಗೆ ಇದಕ್ಕೆ ಅನುಮತಿ ಸಿಕ್ಕಿತ್ತು. ಆದರೆ 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದು ಆಪರೇಷನ್ ಆದ 501 ಮಂದಿಯಲ್ಲಿ, ಮೂಳೆ ಕೂಡುವುದರಲ್ಲೂ ನಡಿಗೆಗೆ ಮರಳುವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಇದನ್ನು ಬಳಸಬೇಡಿ ಎಂದೇ ಹೇಳಿತು.

ಅಲ್ಟ್ರಾಸೌಂಡ್ ಅಂಗಾಂಶವನ್ನು ಬದಲಿಸಲಾರದು ಎಂದಲ್ಲ. ಅಲೆಯನ್ನು ಒಂದು ಬಿಂದುವಿಗೆ ಕೂಡಿಸಿ 56 ಡಿಗ್ರಿ ದಾಟಿಸಿದರೆ ಕೋಶ ಕ್ಷಣದಲ್ಲಿ ಸಾಯುತ್ತದೆ. ಮಿದುಳಿನ ಥಾಲಮಸ್‌ನಲ್ಲಿ ಹೀಗೆ ಸಣ್ಣ ಚುಕ್ಕೆ ಸುಟ್ಟು ಕೈನಡುಕ ನಿಲ್ಲಿಸುವ ಚಿಕಿತ್ಸೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅಲ್ಲಿ ಎಂಆರ್‌ಐ ಪ್ರತಿ ಕ್ಷಣ ತಾಪ ಅಳೆಯುತ್ತಿರುತ್ತದೆ. ನಮ್ಮಲ್ಲಿ ಅಳತೆಯಿಲ್ಲದೆ, ಅಂದಾಜಿನ ಮೇಲೆ ಕೊಡುತ್ತೇವೆ. ನನ್ನ ಅಭಿಪ್ರಾಯ ಇಷ್ಟು: ಭುಜದ ಸುಣ್ಣಕ್ಕೆ ಪೂರ್ಣ ಡೋಸ್‌ನಲ್ಲಿ, ಹಾಗೂ ಚರ್ಮಕ್ಕೆ ಹತ್ತಿರದ ಬಿಗಿದ ಕಲೆ ಅಥವಾ ಕೀಲಿನ ಕವಚವನ್ನು ಹಿಗ್ಗಿಸುವ ಮುಂಚೆ 3 ಮೆಗಾಹರ್ಟ್ಸ್‌ನಲ್ಲಿ ಕೊಡಲು ಕಾರಣವಿದೆ. ಸೊಂಟ ನೋವಿಗೆ ಆ ಸಮಯವನ್ನು ವ್ಯಾಯಾಮ ಕಲಿಸಲು ಕೊಡಿ.

ಹಾಸನ_ಫಿಸಿಯೋ

ಮೇಡಂ, ಸೊಂಟದ ಮಾತು ಒಪ್ಪಿದೆ. ಉಳಿದದ್ದು ಪ್ಲೇಟ್ ಪ್ರಶ್ನೆ. ಪಾದದ ಗಿಣ್ಣಿಗೆ ಪ್ಲೇಟ್ ಹಾಕಿ ಮೂರು ತಿಂಗಳಾಗಿ ಬಿಗಿತವಿರುವವರಿಗೆ?

ಉತ್ತರ | ಬಯೋಮೆಡ್_ಹುಬ್ಬಳ್ಳಿ

ಲೋಹ ಬಿಸಿಯಾಗಿ ಸುಡುತ್ತದೆ ಎಂಬ ಭಯ ಶಾರ್ಟ್‌ವೇವ್ ಡಯಾಥರ್ಮಿಯಿಂದ (ರೇಡಿಯೋ ಅಲೆಯಿಂದ ಬಿಸಿ ಕೊಡುವ ಚಿಕಿತ್ಸೆ) ಬಂದದ್ದು, ಅಲ್ಲಿ ಅದು ನಿಜ. ಅಲ್ಟ್ರಾಸೌಂಡ್‌ನಲ್ಲಿ ಲೋಹ ಹೀರುವುದು ಕಡಿಮೆ, ಪ್ರತಿಫಲಿಸುವುದೇ ಹೆಚ್ಚು. ಲೆಕ್ಕ ಹಾಕಿದರೆ ಸ್ಟೀಲ್‌ನಿಂದ ಸುಮಾರು 87 ಶೇಕಡಾ, ಟೈಟಾನಿಯಂನಿಂದ 79 ಶೇಕಡಾ ವಾಪಸ್. ಒಳಹೋದ ಸ್ವಲ್ಪ ಬಿಸಿಯನ್ನು ಲೋಹ ಬೇಗ ಹರಡಿಬಿಡುತ್ತದೆ. ತೊಂದರೆ ಇರುವುದು ಲೋಹದ ಮುಂದಿರುವ ಅಂಗಾಂಶಕ್ಕೆ: ಅದಕ್ಕೆ ಹೋಗುವ ಅಲೆ, ವಾಪಸ್ ಬರುವ ಅಲೆ ಎರಡೂ ಬೀಳುತ್ತವೆ. ಗಿಣ್ಣಿನ ಹೊರಬದಿ ಪ್ಲೇಟ್ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಅದರ ನೇರ ಮೇಲೆ ಕಂಟಿನ್ಯುಯಸ್ ಕೊಡಬೇಡಿ.

ಕೀಲು ಬದಲಿ ಆಪರೇಷನ್ ಆದವರ ವಿಷಯ ಬೇರೆ. ಅಲ್ಲಿನ ಪ್ಲಾಸ್ಟಿಕ್ ಭಾಗವೂ ಮೂಳೆಗೆ ಅಂಟಿಸುವ ಸಿಮೆಂಟೂ ಅಲೆಯನ್ನು ಚೆನ್ನಾಗಿ ಹೀರುತ್ತವೆ, ಬಿಸಿ ಹರಡದೆ ಅಲ್ಲೇ ಕೂರುತ್ತದೆ. ಆ ಕೀಲಿನ ಮೇಲೆ ಬೇಡ.

ಉತ್ತರ | ಎಲೆಕ್ಟ್ರೋಥೆರಪಿ_ಮಂಗಳೂರು

ಇದಕ್ಕೆ ಸೇರಿಸುವುದು: ಆ ಪೇಷಂಟ್‌ಗೆ ಬಿಗಿತ ಇರುವುದು ಕೀಲಿನ ಕವಚದಲ್ಲೋ ಮೀನಖಂಡದಲ್ಲೋ ಮೊದಲು ನೋಡಿ. ಮಂಡಿ ಬಗ್ಗಿಸಿದಾಗ ಪಾದ ಮೇಲೆ ಬರುವುದು ಹೆಚ್ಚಾದರೆ ಮೀನಖಂಡ ಬಿಗಿದಿದೆ, ಅದಕ್ಕೆ ಸ್ಟ್ರೆಚ್ ಸಾಕು. ವ್ಯತ್ಯಾಸವಿಲ್ಲದಿದ್ದರೆ ಕೀಲಿನದಿರಬಹುದು. ಆಗ ಕೈಯಿಂದ ಕೀಲು ಸಡಿಲಿಸುವ ಮುಂಚೆ ಪ್ಲೇಟ್ ಬಿಟ್ಟು ಮುಂಭಾಗದ ಕವಚಕ್ಕೆ 3 ಮೆಗಾಹರ್ಟ್ಸ್, 0.8ರಿಂದ 1 ವ್ಯಾಟ್, ಎರಡು ಹೆಡ್ ಜಾಗ, 6ರಿಂದ 7 ನಿಮಿಷ ಕೊಡಬಹುದು. ಬೇಕೇಬೇಕು ಎಂದೇನಿಲ್ಲ.

ಕಂಟಿನ್ಯುಯಸ್ ಕೊಡುವ ಮುಂಚೆ ಎರಡು ಟೆಸ್ಟ್ ಟ್ಯೂಬ್‌ನಲ್ಲಿ ಬಿಸಿನೀರು ತಣ್ಣೀರು ಹಿಡಿದು, ಕಣ್ಣು ಮುಚ್ಚಿಸಿ, ಬಿಸಿ ಯಾವುದು ತಣ್ಣಗಿನದು ಯಾವುದು ಕೇಳಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದನ್ನು ಬಿಡಲೇಬಾರದು. ಗರ್ಭಿಣಿಯರ ಹೊಟ್ಟೆ ಮತ್ತು ಕೆಳಬೆನ್ನು, ಕಣ್ಣು, ವೃಷಣ, ಗೆಡ್ಡೆ ಇರುವ ಅಥವಾ ಇತ್ತೆಂಬ ಜಾಗ, ರಕ್ತ ಹೆಪ್ಪುಗಟ್ಟಿದ ಕಾಲು, ಕೀವಿರುವ ಸೋಂಕು, ಪೇಸ್‌ಮೇಕರ್ ಸುತ್ತ, ಬೆನ್ನುಮೂಳೆಯ ಕಮಾನು ತೆಗೆದ ಕಡೆ ಬೆನ್ನುಹುರಿಯ ಮೇಲೆ, ಇಲ್ಲೆಲ್ಲ ಯಾವ ಡೋಸೂ ಬೇಡ. ಬೆಳೆಯುವ ಮಕ್ಕಳಲ್ಲಿ ಮೂಳೆ ತುದಿಯ ಬೆಳವಣಿಗೆ ಪಟ್ಟಿಯ ಮೇಲೆ ಕಂಟಿನ್ಯುಯಸ್ ಕೊಡಬೇಡಿ. ಫೈಲಿನಲ್ಲಿ "ಅಲ್ಟ್ರಾಸೌಂಡ್ 5 ನಿಮಿಷ" ಎಂದಷ್ಟೇ ಬರೆಯದೆ ಮೆಗಾಹರ್ಟ್ಸ್, ವ್ಯಾಟ್, ಡ್ಯೂಟಿ, ಹೆಡ್ ಅಳತೆ, ಉಜ್ಜಿದ ಜಾಗ, ನಿಮಿಷ ಎಲ್ಲವನ್ನೂ ಬರೆಯಿರಿ. ಮುಂದಿನ ಸಲ ಬೇರೆಯವರು ಕೊಟ್ಟರೂ ಅದೇ ಡೋಸ್ ಸಿಗುತ್ತದೆ.